ಸಹಿಸುವುದೂ ಹೊಂದಿಕೊಳ್ಳುವುದೂ

ಊರಿನ ಮನೆಗೆ ಬೀಗ ಹಾಕಿ ಅಮ್ಮ ಮಂಗಳೂರಿನ ನಮ್ಮ ಮನೆಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ತಂಗಿಯ ಮಗಳು ಅಜ್ಜಿಯ ಯೋಗಕ್ಷೇಮ ಕೇಳಿದಳು. ನಾವು ಗಂಡಹೆಂಡತಿ ಕೂತು ಮೊಬೈಲಿನಲ್ಲಿ ಉತ್ತರ ಬರೆದೆವು: ‘ಗ್ರ್ಯಾಂಡ್‌ಮಾ ಈಸ್ ಪುಟಿಂಗ್ ಅಪ್ ವಿತ್ ಅಸ್.’ ಅಜ್ಜಿ ನಮ್ಮ ಜೊತೆಗಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ಅವಳ ಮರುಪ್ರಶ್ನೆ ಹೀಗಿತ್ತು: ‘ಮಾಮ, ಪಾಪ ಅಜ್ಜಿ ನಿಮ್ಮನ್ನೆಲ್ಲ ಸಹಿಸಿಕೊಂಡಿದ್ದಾರಾ?’

ತಪ್ಪು ನಮ್ಮದೇ. ‘ವೇರ್ ಆರ್ ಯು ಪುಟಿಂಗ್ ಅಪ್?’ ಎಂದರೆ ನಮ್ಮ ಕಡೆ ಎಲ್ಲಿ ಉಳಿದುಕೊಂಡಿದ್ದೀರಿ ಎಂದರ್ಥ. ಅಲ್ಲಿನವರಿಗೆ ‘ಪುಟ್ ಅಪ್ ವಿತ್’ ಎಂದೊಡನೆ ಹೊಳೆಯುವುದು ಸಹಿಸಿಕೊಳ್ಳುವುದು. ‘ಲಿವಿಂಗ್ ವಿತ್ ಅಸ್’ ಎಂದಿದ್ದರೆ ಸಾಕಿತ್ತು.

ಕನ್ನಡ ಮಾಧ್ಯಮದಲ್ಲಿ ಕಲಿತ ನಮಗೆ ಇಂಗ್ಲಿಷಿನ ಈ ಜೋಡಿ ಕ್ರಿಯಾಪದಗಳು ಎಂದೂ ತೊಡಕೇ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತಮ್ಮ ಪುಸ್ತಕವೊಂದರಲ್ಲಿ ಇವನ್ನು ‘ಫ್ರೇಸಲ್ ವರ್ಬ್’ ಎಂದು ಕರೆದರು. ಮಗನ ವ್ಯಾಕರಣ ಪುಸ್ತಕ ತೆರೆದು ನೋಡಿದರೆ ಮನುಷ್ಯ ಸಂಬಂಧಗಳೆಲ್ಲ ಅಲ್ಲಿದ್ದವು. ‘ಲುಕ್ ಅಪ್ ಟು’ ಎಂದರೆ ಗೌರವಿಸುವುದು. ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣುವುದು. ‘ಫಾಲ್ ಔಟ್’ ಎಂದರೆ ಜಗಳವಾಡಿ ದೂರವಾಗುವುದು. ‘ಮೇಕ್ ಅಪ್’ ಎಂದರೆ ಮುಖಕ್ಕೆ ಬಣ್ಣ ಬಳಿಯುವುದಷ್ಟೇ ಅಲ್ಲ, ಮತ್ತೆ ರಾಜಿಯಾಗುವುದು. ‘ಲೆಟ್ ಡೌನ್’ ಎಂದರೆ ನಂಬಿದವರನ್ನು ಕೈಬಿಡುವುದು. ನಮ್ಮ ‘ಕೈಬಿಡು’ ಕೂಡ ಬರೀ ಕೈಯ ಮಾತಲ್ಲವಷ್ಟೆ!

ಆದರೆ ಎರಡು ಪದಗಳು ಮಾತ್ರ ನಮ್ಮನ್ನು ಬಿಡಲಿಲ್ಲ. ಒಂದು ‘ಗೆಟ್ ಅಲಾಂಗ್ ವಿತ್’, ಇನ್ನೊಂದು ‘ಪುಟ್ ಅಪ್ ವಿತ್’. ಮೊದಲನೆಯದು ಪರಸ್ಪರ ಹೊಂದಿಕೊಂಡು ಬಾಳುವುದು. ಅದಕ್ಕೆ ಇಬ್ಬರೂ ಬೇಕು. ಎರಡನೆಯದಕ್ಕೆ ಒಬ್ಬರು ಸಾಕು. ಇನ್ನೊಬ್ಬರಿಗೆ ಅದು ಗೊತ್ತಾಗಬೇಕೆಂದೂ ಇಲ್ಲ. ನಮ್ಮ ಮನೆಗಳಲ್ಲಿ ‘ಹೊಂದಿಕೊಂಡು ಹೋಗು’ ಎಂಬ ಒಂದೇ ಮಾತಿನಲ್ಲಿ ಇವೆರಡೂ ಅಡಗಿವೆ. ಸೊಸೆಗೆ, ವಯಸ್ಸಾದವರಿಗೆ, ಆಶ್ರಯ ಪಡೆದವರಿಗೆ ನಾವು ಅದನ್ನು ಹೇಳುವಾಗ ನಿಜವಾಗಿ ಹೇಳುವುದು ಸಹಿಸಿಕೋ ಎಂದೇ.

ಅಮ್ಮ ಬಂದವರೆಲ್ಲರೊಡನೆ ಹೇಳುತ್ತಿದ್ದರು: ‘ನನಗೇನು, ಎಲ್ಲರ ಜೊತೆ ಹೊಂದಿಕೊಂಡು ಹೋಗ್ತೇನೆ.’ ನಾವು ಅದನ್ನು ನಮಗೆ ಸಿಕ್ಕ ಪ್ರಶಂಸೆಯೆಂದೇ ತಿಳಿದಿದ್ದೆವು. ಆ ರಾತ್ರಿ ಲೆಕ್ಕ ಹಾಕಿದೆವು. ವಾಸನೆ ಎಂದು ನಾವು ಒಮ್ಮೆ ಅಂದದ್ದಕ್ಕೆ ಅವರು ಎಲೆಅಡಿಕೆ ಬಿಟ್ಟಿದ್ದರು. ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಜೀವ ನಮ್ಮ ಅವಸರದ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿತ್ತು. ಮಕ್ಕಳ ಪರೀಕ್ಷೆಯೆಂದು ಟಿ.ವಿ. ನಿಂತಿತ್ತು. ನಮ್ಮ ಪಾಲಿಗೆ ನಾವು ಬದಲಾಯಿಸಿಕೊಂಡದ್ದೇನು? ಒಂದು ಮಂಚದ ಜಾಗ, ಅಷ್ಟೆ.

ಮರುದಿನ ಗಂಜಿ ಮಾಡಿದೆವು. ಅಮ್ಮ ಬಟ್ಟಲು ನೋಡಿ, ‘ನನಗೋಸ್ಕರ ಯಾಕೆ ಈ ತೊಂದರೆ?’ ಎಂದರು. ‘ನಮಗೂ ಬೇಕಿತ್ತು’ ಎಂದೆವು. ಅದು ಪೂರ್ತಿ ಸುಳ್ಳಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಡಿದವರು, ‘ಒಂದು ಸಲ ಊರಿಗೆ ಹೋಗಿ ಮನೆಯ ಬಾಗಿಲು ತೆರೆದು ಬರಬೇಕಿತ್ತು ಮಗಾ’ ಎಂದರು. ನಾಲ್ಕು ತಿಂಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ವಿಷಯ ಅದು.

ಭಾನುವಾರ ಎಲ್ಲರೂ ಹೋಗಿ ಬಂದೆವು. ಸೊಸೆಯ ತಾಳ್ಮೆಯನ್ನೋ ಹಿರಿಯರ ಮೌನವನ್ನೋ ತೋರಿಸಿ, ನಮ್ಮ ಮನೆಯಲ್ಲಿ ಎಲ್ಲರೂ ಹೊಂದಿಕೊಂಡಿದ್ದೇವೆ ಎನ್ನುವವರು ನಾವೆಷ್ಟು ಮಂದಿ ಇಲ್ಲ? ಆ ಮಾತು ಹೇಳುವ ಮೊದಲು ಯಾರು ಯಾರನ್ನು ಸಹಿಸುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ತಂಗಿಯ ಮಗಳಿಗೆ ನಾವಿನ್ನೂ ಉತ್ತರ ಬರೆದಿಲ್ಲ. ಆ ವಾಕ್ಯದಲ್ಲಿದ್ದ ತಪ್ಪು ವ್ಯಾಕರಣದ್ದಾಗಿರಲಿಲ್ಲ.