ನಾಳೆ ಬೇಡ ಅನ್ನಿಸಿದ್ರೆ?

‘ಒಂದ್ಸಲ ಹಾಕಿಸ್ಕೊಳ್ಳಿ, ನಾಲ್ಕು ತಿಂಗಳು ಮರೆತುಬಿಡಿ.’ ಡಲ್ಲಾಸ್‌ನ ಒಂದು ಕ್ಲಿನಿಕ್ ನನ್ನ ಭಾವನಿಗೆ ಟೆಸ್ಟೋಸ್ಟೆರಾನ್ ಪೆಲೆಟ್ ಹಾಕಿದ್ದು ಹೀಗೆ ಹೇಳಿ. ರಕ್ತಪರೀಕ್ಷೆಯಲ್ಲಿ ಎರಡು ಸಲವೂ ಹಾರ್ಮೋನ್ ಕಡಿಮೆ ಬಂದಿತ್ತು, ಚಿಕಿತ್ಸೆ ಬೇಕಿದ್ದದ್ದು ನಿಜ. ದಿನಾ ಜೆಲ್ ಹಚ್ಚೋ ರಗಳೆ ಯಾರಿಗೆ ಬೇಕು ಹೇಳಿ?

ಪೆಲೆಟ್ ಅಂದ್ರೆ ಅಕ್ಕಿಕಾಳಿಗಿಂತ ತುಸು ದಪ್ಪಗಿನ ಗುಳಿಗೆ. ಒಂದೊಂದರಲ್ಲೂ 75 ಮಿಲಿಗ್ರಾಂ ಔಷಧಿ. ಸೊಂಟದ ಕೆಳಗೆ ಸಣ್ಣದಾಗಿ ಕೊಯ್ದು, ಚರ್ಮದಡಿ ಹಲವನ್ನು ಒಟ್ಟಿಗೇ ಇಡ್ತಾರೆ. ಕರಗೋಕೆ 3ರಿಂದ 6 ತಿಂಗಳು.

ತೊಂದರೆ ಇರೋದೂ ಅಲ್ಲೇ. ಜೆಲ್ ಹೆಚ್ಚಾಯ್ತು ಅಂದ್ರೆ ನಾಳೆ ಕಡಿಮೆ ಹಚ್ಚಬಹುದು. ಇದಕ್ಕೆ ಆ ಅನುಕೂಲ ಇಲ್ಲ. ರಕ್ತ ಮಂದವಾಗಿ ಹಿಮಟೋಕ್ರಿಟ್ ಶೇ. 54 ದಾಟಿದರೆ ಔಷಧಿ ನಿಲ್ಲಿಸಬೇಕು. ಒಳಗಿನ ಗುಳಿಗೆ ಮಾತ್ರ ಕರಗ್ತಾನೇ ಇರುತ್ತೆ. ತೆಗೆಯೋಕೆ ಮತ್ತೆ ಕೊಯ್ಯಬೇಕು. ಗಾಯಕ್ಕೆ ಸೋಂಕಾಗಬಹುದು, ಕೆಲವರಿಗೆ ಗುಳಿಗೆಯೇ ಹೊರಗೆ ಬಂದುಬಿಡುತ್ತೆ. ಕೊನೇ ವಾರಗಳಲ್ಲಿ ಮಟ್ಟ ಇಳಿದು ಹಳೇ ಸುಸ್ತು ವಾಪಸ್.

ಇಷ್ಟೆಲ್ಲ ಸಹಿ ಹಾಕಿಸಿಕೊಂಡ ಕಾಗದದಲ್ಲಿತ್ತು. ಆದರೆ ‘ಮಕ್ಕಳು ಬೇಕಾ?’ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಟೆಸ್ಟೋಸ್ಟೆರಾನ್ ಹೊರಗಿಂದ ಸಿಕ್ಕಿದಾಗ ಮಿದುಳು ವೃಷಣಗಳಿಗೆ ಕಳಿಸೋ ಸೂಚನೆ ನಿಲ್ಲಿಸುತ್ತೆ. ವೀರ್ಯಾಣು ಪೂರ್ತಿ ಇಲ್ಲದಂತಾಗಬಹುದು. ಜೆಲ್‌ಗೂ ಇದೇ ಕತೆ, ಆದರೆ ಅದನ್ನು ಇವತ್ತೇ ಬಿಡಬಹುದು.

ಅಕ್ಕನಿಗೀಗ 36. ಮೊದಲು ಪೆಲೆಟ್ ಕರಗೋವರೆಗೆ ಕಾಯಬೇಕು, ಆಮೇಲೆ ವೀರ್ಯಾಣು ಮರಳೋವರೆಗೆ. ಅದಕ್ಕೂ ತಿಂಗಳುಗಟ್ಟಲೆ ಬೇಕು. ಅವಳು ಫೋನಿನಲ್ಲಿ ಈ ಲೆಕ್ಕ ಹೇಳುವಾಗ ನಾನು ಸುಮ್ಮನೆ ಕೇಳಿಸಿಕೊಳ್ತೀನಿ.

ನಿಮಗೂ ಯಾರಾದ್ರೂ ಇದನ್ನು ಸೂಚಿಸಿದರೆ, ಹಾಕಿಸಿಕೊಳ್ಳೋ ಮುಂಚೆ ಇಷ್ಟು ಕೇಳಿ: ನಾಳೆ ಬೇಡ ಅನ್ನಿಸಿದ್ರೆ ಏನ್ಮಾಡ್ತೀರಿ?