ಹೆಲ್ಮೆಟ್ಟಿನಲ್ಲಿ ತೊಳೆದ ಚಿತ್ರಗಳು

ಫ್ರಾನ್ಸಿನ ಬ್ರಿಟಾನಿ ಕರಾವಳಿಯಲ್ಲಿ ಕಡಲು ದಿನಕ್ಕೆರಡು ಸಲ ಊರು ಬಿಟ್ಟು ಹೋಗುತ್ತದೆ. ಸಾಂ ಮಾಲೊ ಕೋಟೆಗೋಡೆಯ ಮೇಲಿಂದ ನೋಡುತ್ತಿದ್ದೆ. ಬೆಳಿಗ್ಗೆ ಅಲೆ ಅಪ್ಪಳಿಸುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಮಕ್ಕಳು ಚೆಂಡಾಡುತ್ತಿದ್ದರು! ದೊಡ್ಡ ಭರತದ ದಿನಗಳಲ್ಲಿ ಇಲ್ಲಿ ನೀರಿನ ಏರಿಳಿತ 12 ಮೀಟರ್ ದಾಟುತ್ತದೆ. ರಾನ್ಸ್ ನದಿಯ ಅಳಿವೆಗೆ ಕಟ್ಟೆ ಕಟ್ಟಿ, 1966ರಿಂದ ಈ ಉಬ್ಬರವಿಳಿತದಿಂದಲೇ ಕರೆಂಟು ತೆಗೆಯುತ್ತಿದ್ದಾರೆ. ಅದೇ ಕಟ್ಟೆಯ ಮೇಲಿನ ರಸ್ತೆ ಹಿಡಿದು ನಾನು ಹೊರಟದ್ದು ಸಾಂ ಬ್ರಿಯಾಕ್ ಎಂಬ ಪುಟ್ಟ ಊರಿಗೆ, ಒಂದು ಫೋಟೊದ ಜಾಡು ಹಿಡಿದು.

ಊರಿನ ಚರ್ಚಿನ ಗೋಪುರದ ಕಲ್ಲಿನಲ್ಲಿ ಮೀನುಗಳನ್ನು ಕೆತ್ತಿದ್ದಾರೆ, ನಮ್ಮ ಬಂಗುಡೆಯ ಬಳಗದವು. ಮೀನುಗಾರರು ಹಿಡಿದು ಮಾರಿದ ಮೀನಿನ ದುಡ್ಡು ಈ ಕಟ್ಟಡಕ್ಕೆ ಸಂದಿತ್ತಂತೆ. ದೇವರ ಮನೆಯಲ್ಲಿ ಮೀನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಮಲ್ಪೆಯವರು ನೋಡಬೇಕಿತ್ತು.

1944ರ ಆಗಸ್ಟ್ ನಡುವಿನಲ್ಲಿ ಇದೇ ಊರಿನ ಚೌಕದಲ್ಲಿ ಜನ ಬೀದಿಗಿಳಿದು ಕುಣಿದರು. ಜರ್ಮನ್ ಸೈನ್ಯ ಕಾಲ್ತೆಗೆದಿತ್ತು. ಒಬ್ಬ ಅಮೆರಿಕನ್ ಸಾರ್ಜೆಂಟ್ ಮಂಡಿಯೂರಿ ಪುಟ್ಟ ಹುಡುಗಿಯೊಬ್ಬಳಿಗೆ ಮುತ್ತು ಕೊಟ್ಟ. ಹಿಂದೆ ಇಬ್ಬರು ಹೆಂಗಸರು ತೋಳಿಗೆ ತೋಳು ಹೆಣೆದು ಕುಣಿಯುತ್ತಿದ್ದರು. ಆ ಗಳಿಗೆಯನ್ನು ಹಿಡಿದವರು ಪತ್ರಿಕೆಯವರಲ್ಲ, ಸೈನ್ಯದ ಫೋಟೊ ವಿಭಾಗದವರೂ ಅಲ್ಲ. 83ನೇ ಪದಾತಿ ಡಿವಿಷನ್ನಿನ ಸಾಮಾನ್ಯ ಸಿಪಾಯಿ ಟೋನಿ ವಕ್ಕಾರೊ. ಫೋಟೊ ವಿಭಾಗಕ್ಕೆ ಸೇರುತ್ತೇನೆಂದು ಕೇಳಿದಾಗ ವಯಸ್ಸು ಸಾಲದು ಎಂದಿದ್ದರಂತೆ. ಬಂದೂಕಿನ ಕುದುರೆ ಎಳೆಯಲು ಮಾತ್ರ ವಯಸ್ಸಾಗಿತ್ತು! ಆದರೂ ಇಟ್ಟಿಗೆಯೆಂದೇ ಅಡ್ಡಹೆಸರು ಪಡೆದಿದ್ದ ಸ್ವಂತದ ಆರ್ಗಸ್ ಸಿ-3 ಕ್ಯಾಮೆರಾವನ್ನು ಅವರು ಬಂದೂಕಿನ ಜೊತೆಗೇ ಹೊತ್ತು ನಡೆದರು.

ನನ್ನನ್ನು ಇಲ್ಲಿಯವರೆಗೆ ಎಳೆದು ತಂದದ್ದು ಮುತ್ತಿನ ಚಿತ್ರಕ್ಕಿಂತ ಹೆಚ್ಚಾಗಿ ಅವರು ಫಿಲ್ಮ್ ತೊಳೆಯುತ್ತಿದ್ದ ರೀತಿ. ಬಾಂಬಿಗೆ ಕುಸಿದ ಕ್ಯಾಮೆರಾ ಅಂಗಡಿಯೊಂದರ ಅವಶೇಷದಲ್ಲಿ ರಾಸಾಯನಿಕಗಳು ಸಿಕ್ಕವು. ಡಾರ್ಕ್‌ರೂಮ್? ಕತ್ತಲಾದರೆ ಆಯಿತು. ಜೊತೆಗಾರರಿಂದ ಹೆಲ್ಮೆಟ್ ಕಡ ತಂದು ನಾಲ್ಕನ್ನು ಸಾಲಾಗಿ ಇಡುವುದು: ಮೊದಲನೆಯದರಲ್ಲಿ ಡೆವಲಪರ್, ಆಮೇಲೆ ನೀರು, ಮೂರನೆಯದರಲ್ಲಿ ಚಿತ್ರ ಕೆಡದಂತೆ ನಿಲ್ಲಿಸುವ ಹೈಪೊ, ಕೊನೆಗೆ ಮತ್ತೆ ನೀರು. ಹಳೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಬಾಗಿಲ ಸಂದಿಯ ಬೆಳಕೂ ಇಡೀ ರೋಲನ್ನು ಕೆಡಿಸಬಲ್ಲದು. ಇವರು ಬಯಲಲ್ಲಿ, ಆಕಾಶದ ಕೆಳಗೆ, ಮುಟ್ಟಿ ಮುಟ್ಟಿ ನೋಡುತ್ತಾ ತೊಳೆದರು. ನೆಗೆಟಿವ್‌ಗಳು ಮರದ ಕೊಂಬೆಗಳಲ್ಲಿ ನೇತಾಡುತ್ತಾ ಒಣಗಿದವು. ಬೆಳಗಾದರೆ ಹೆಲ್ಮೆಟ್ ಮತ್ತೆ ತಲೆಗೆ. ಹೀಗೆ ಯುದ್ಧದುದ್ದಕ್ಕೂ ತೆಗೆದ ಚಿತ್ರಗಳು ಸುಮಾರು 8000.

ಇನ್ನೊಂದು ಚಿತ್ರವನ್ನು ಬಿಟ್ಟು ಹೋಗಲಾರೆ. 1945ರ ಜನವರಿಯಲ್ಲಿ ಬೆಲ್ಜಿಯಂನ ಒಟ್ರೆ ಎಂಬ ಹಳ್ಳಿಯ ಬಳಿ ಹಿಮದಲ್ಲಿ ಅರ್ಧ ಹುದುಗಿ ಬಿದ್ದ ಸೈನಿಕ. ಮೊದಲು ಚಿತ್ರ ತೆಗೆದರು. ಸತ್ತವನು ತನ್ನ ಗೆಳೆಯ ಹೆನ್ರಿ ಟಾನೆನ್‌ಬಾಮ್ ಎಂದು ತಿಳಿದದ್ದು ಆಮೇಲೆ. ಮುತ್ತಿನ ಚಿತ್ರಕ್ಕೂ ಇದಕ್ಕೂ ನಡುವೆ ಐದೇ ತಿಂಗಳು. ಅಧಿಕೃತ ಫೋಟೊಗ್ರಾಫರನಾಗಿದ್ದರೆ ಇಷ್ಟು ಹತ್ತಿರದ ಸಾವನ್ನು ಅವರು ನೋಡುತ್ತಿದ್ದರೇ? ನನಗೇನೋ ಫೋಟೊ ವಿಭಾಗಕ್ಕೆ ಸೇರಿಸಿಕೊಳ್ಳದ ಆ ನಿರಾಕರಣೆಯೇ ಅವರನ್ನು ದೊಡ್ಡ ಫೋಟೊಗ್ರಾಫರ್ ಮಾಡಿತು ಅನ್ನಿಸುತ್ತದೆ, ಬೆಲೆ ಮಾತ್ರ ಬಲು ದುಬಾರಿ.

ಯುದ್ಧ ಮುಗಿದ ಮೇಲೂ 1949ರವರೆಗೆ ಯುರೋಪಿನಲ್ಲೇ ಉಳಿದು, ಅಮೆರಿಕಕ್ಕೆ ಮರಳಿದ ಬಳಿಕ ‘ಲೈಫ್’, ‘ಲುಕ್’ ಪತ್ರಿಕೆಗಳಿಗೆ ಫ್ಯಾಷನ್ನು, ಕಲಾವಿದರು ಎಂದು ಚೆಲುವಿನ ಬೆನ್ನು ಹತ್ತಿದರು. 1960ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಕಾರಿನಲ್ಲಿ ಕೂತು ಚೀಸ್ ತುಂಡಿನ ತೂತಿನಿಂದ ತುಂಟತನದಲ್ಲಿ ಇಣುಕಿದ್ದೂ ಇವರ ಕ್ಯಾಮೆರಾಕ್ಕೇ ಸಿಕ್ಕಿತು.

ಇಟಲಿಯ ಬೊನೆಫ್ರೊದಲ್ಲಿ ತಬ್ಬಲಿಯಾಗಿ ಬೆಳೆದ ಈ ಹುಡುಗ 97ರ ವಯಸ್ಸಿನಲ್ಲಿ ಕೊರೊನಾವನ್ನೂ ಗೆದ್ದರು. 2022ರ ಡಿಸೆಂಬರ್ 20ಕ್ಕೆ ನೂರು ತುಂಬಿತು. ಎಂಟು ದಿನಕ್ಕೆ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಇಷ್ಟು ಕಾಲ ಬದುಕಿದ ಗುಟ್ಟೇನೆಂದು ಕೇಳಿದವರಿಗೆ ಅವರು ಕೊಟ್ಟ ಲೆಕ್ಕದಲ್ಲಿ ಕುರುಡು ಅದೃಷ್ಟವಿತ್ತು, ಹಟವಿತ್ತು, ಕೆಂಪು ವೈನೂ ಇತ್ತು.