ಪಾತಾಳದ ಬಾಗಿಲು: ರಾಜಾಜಿನಗರದಿಂದ ಕೆಂಗೇರಿಯವರೆಗೆ

ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯೊಂದರ ಮೇಲೆ ನೆಲೆಗೊಂಡಿದೆ. ಈ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆಯು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಪಶ್ಚಿಮಕ್ಕೆ ಬಿದ್ದುದು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಆಮೇಲೆ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ನಮ್ಮ ಸಮಾಜದ ಅನೇಕ ಕುಟುಂಬಗಳು ಮನೆ ಕಟ್ಟಿಕೊಂಡಿರುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳೆಲ್ಲ ಈ ಪಶ್ಚಿಮದ ಇಳಿಜಾರಿನ ಊರುಗಳು. ವೃಷಭಾವತಿ ಎಂಬ ಹೆಸರಿನಲ್ಲಿಯೇ ಬಸವನಿದ್ದಾನೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ಹೊಳೆ ಹುಟ್ಟಿತೆಂಬುದು ಜನರ ನಂಬಿಕೆ. ಈಚೆಗೆ ನಾವು ಈ ಇಳಿಜಾರಿನ ಬಡಾವಣೆಗಳಲ್ಲಿ ಸಂಚರಿಸಿದೆವು. ನೋಡಹೊರಟದ್ದು ಗುಡಿಗೋಪುರಗಳನ್ನಲ್ಲ, ಮನೆಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುವ ಒಂದು ಪುಟ್ಟ ಕವಾಟವನ್ನು.

ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಆಗ ನಗರಕ್ಕೆ ನೀರು ಬರುತ್ತಿದ್ದುದು ಅರ್ಕಾವತಿಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ನೀರು ಬಂದಿತ್ತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಗಿತ್ತು. ಕಾವೇರಿಯ ಮೊದಲನೆಯ ಹಂತದ ನೀರು ನಗರವನ್ನು ಮುಟ್ಟಿದ್ದು 1974ರಲ್ಲಿ. ನಗರ ಬೆಳೆದ ವೇಗಕ್ಕೆ ಇವು ಯಾವುವೂ ಸಾಲಲಿಲ್ಲ. ಕೇತಮಾರನಹಳ್ಳಿಯ ಕೆರೆಯಿದ್ದ ಜಾಗದಲ್ಲಿ ಇಂದು ಮನೆಗಳಿವೆ, ರಸ್ತೆಗಳಿವೆ. ಕೆರೆ ಹೋಯಿತು, ಕೆರೆಯಿಂದ ಊಟೆ ಪಡೆಯುತ್ತಿದ್ದ ಸೇದುವ ಬಾವಿಗಳೂ ಹೋದವು. ಆ ಬಳಿಕ ಜನರು ಬಂಡೆಯನ್ನು ಕೊರೆಯತೊಡಗಿದರು. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಕೊರೆಯುವ ಲಾರಿಗಳು ರಾತ್ರಿಯಿಡೀ ಸದ್ದು ಮಾಡುತ್ತ, ಬಿಳಿಯ ಕಲ್ಲುಪುಡಿಯನ್ನು ಬೀದಿಗೆಲ್ಲ ಹರಡುವ ದೃಶ್ಯ ಈ ಬಡಾವಣೆಗಳ ಮಕ್ಕಳಿಗೂ ಪರಿಚಿತ.

ಇಲ್ಲಿಯ ನೆಲದಡಿಯಲ್ಲಿರುವುದು ಗಟ್ಟಿ ಶಿಲೆ. ಮೇಲಿನ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲಗೊಂಡ ಕಲ್ಲು, ಅದಕ್ಕೂ ಕೆಳಗೆ ಬಿರುಕುಗಳಿರುವ ಬಂಡೆ. ನೀರು ನಿಲ್ಲುವುದು ಈ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಕೆಳಗೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ. ಆಳಕ್ಕೆ ಕೊರೆದರೆ ನೀರು ಹೆಚ್ಚು ಸಿಕ್ಕೀತೆಂಬ ಎಣಿಕೆಗೆ ಇಲ್ಲಿಯ ಬಂಡೆ ಒಪ್ಪುವುದಿಲ್ಲ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಕೊಳವೆಬಾವಿಯೊಳಗಿಂದ ಮೋಟಾರನ್ನು ಮೇಲೆತ್ತುತ್ತಿದ್ದರು. ಒಂದೊಂದೇ ಪೈಪು ಮೇಲೆ ಬಂದು, ಬಿಚ್ಚಿಕೊಂಡು, ರಸ್ತೆಯ ಬದಿಯಲ್ಲಿ ಸಾಲಾಗಿ ಮಲಗುತ್ತಿತ್ತು. ಕೊನೆಯಲ್ಲಿ ಪಂಪು, ಅದರ ಅಡಿಗೆ ಮೋಟಾರು ಬಂದವು. ಪಂಪಿನ ನೆತ್ತಿಯ ಮೇಲೆ ಮುಷ್ಟಿಗಾತ್ರದ ಲೋಹದ ತುಂಡೊಂದಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿ, ನಮ್ಮ ಕೈಗೆ ಕೊಟ್ಟರು.

"ಇದೇ ವಾಲ್ವು, ಗುರುಗಳೇ. ಮೋಟಾರ್ ಸುಟ್ಟರೆ ಮನೆಯವರಿಗೆ ಆವತ್ತೇ ಗೊತ್ತಾಗುತ್ತೆ. ಇದು ಸೋತರೆ ಗೊತ್ತಾಗಲ್ಲ. ತೊಟ್ಟಿಗೆ ನೀರು ಬರೋದು ತಡ ಆಗುತ್ತೆ, ಕರೆಂಟ್ ಬಿಲ್ಲು ಏರುತ್ತೆ, ಅಷ್ಟೆ."

ಮನೆಯ ಯಜಮಾನಿ ಆತಂಕದಿಂದ ಕೇಳಿದರು: "ಒಳಗೆ ನೀರಿದೆ ತಾನೇನಪ್ಪಾ?"

"ಈಗ ಇದೆ ಅಮ್ಮಾ. ನಿಮ್ಮ ಹಳೇ ಬೋರು 350 ಅಡಿ, ಅದು ಬತ್ತಿತು. ಇದು 1000 ಅಡಿ. ಇದು ಎಷ್ಟು ದಿನ ಅಂತ ನಾನು ಹೇಳೋಕಾಗಲ್ಲ."

ಆ ತಾಯಿ ಮತ್ತೆ ಮಾತನಾಡಲಿಲ್ಲ. ರಸ್ತೆಯ ಬದಿಯಲ್ಲಿ ಮಲಗಿದ್ದ ಪೈಪುಗಳ ಸಾಲನ್ನೇ ನೋಡುತ್ತ ನಿಂತರು.

ಆ ಕವಾಟದ ಕೆಲಸ ಸರಳ. ಒಂದು ಬಿಲ್ಲೆ, ಅದನ್ನು ಕೆಳಕ್ಕೆ ಒತ್ತುವ ಒಂದು ಸ್ಪ್ರಿಂಗು, ಬಿಲ್ಲೆ ಕೂರುವ ಒಂದು ಪೀಠ. ಪಂಪು ತಿರುಗಿದಾಗ ಕೆಳಗಿನ ನೀರಿನ ಒತ್ತಡವು ಬಿಲ್ಲೆಯನ್ನು ಎತ್ತುತ್ತದೆ, ನೀರು ಮೇಲೇರುತ್ತದೆ. ಪಂಪು ನಿಂತೊಡನೆ ಸ್ಪ್ರಿಂಗೂ ಮೇಲಿನ ನೀರಿನ ಭಾರವೂ ಸೇರಿ ಬಿಲ್ಲೆಯನ್ನು ಪೀಠಕ್ಕೆ ಒತ್ತಿಬಿಡುತ್ತವೆ. ಮೇಲಿಂದ ಯಾರೂ ಕೈಹಾಕಿ ತೆರೆಯಬೇಕಿಲ್ಲ, ಮುಚ್ಚಬೇಕಿಲ್ಲ. ನಮ್ಮ ಹೃದಯದ ಕವಾಟಗಳೂ ರಕ್ತದ ಒತ್ತಡದಿಂದಲೇ ಹೀಗೆ ತೆರೆದು ಮುಚ್ಚಿಕೊಳ್ಳುತ್ತವೆ.

ಅದು ಹೊರುವ ಭಾರವನ್ನು ಲೆಕ್ಕಹಾಕಿ ನೋಡಬಹುದು. ನೀರಿನ ಕಂಬವು 10 ಮೀಟರ್ ಎತ್ತರವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಬೀಳುತ್ತದೆ. ಸಾವಿರ ಅಡಿಯೆಂದರೆ ಸುಮಾರು 300 ಮೀಟರ್, ಅಂದರೆ 30 ಕಿಲೋ. ಪೈಪಿನ ಒಳ ಅಗಲ 4 ಸೆಂಟಿಮೀಟರ್ ಇದ್ದು, ಬಾವಿಯ ನೀರು ಪಂಪಿನ ಮಟ್ಟಕ್ಕೇ ಇಳಿದಿದ್ದರೆ, ಆ ಪುಟ್ಟ ಬಿಲ್ಲೆ ಹಗಲಿರುಳು ಹೊರುವುದು ನಾಲ್ಕು ಕ್ವಿಂಟಾಲಿಗೆ ಸಮೀಪದ ಭಾರವನ್ನು. ಅದು ಸೋತರೆ ಅಷ್ಟೂ ನೀರು ಪಂಪಿನ ಚಕ್ರಗಳನ್ನು ಹಿಂದಕ್ಕೆ ತಿರುಗಿಸುತ್ತ ಬಾವಿಗೆ ಮರಳುತ್ತದೆ. ಆ ಹೊತ್ತಿಗೇ ಯಾರಾದರೂ ಮತ್ತೆ ಗುಂಡಿ ಒತ್ತಿದರೆ ಪಂಪಿನ ದಂಡವೇ ಮುರಿಯಬಹುದು. ಆದ್ದರಿಂದ ಕರೆಂಟು ಹೋಗಿ ಬಂದಾಗ ಕೆಲವು ನಿಮಿಷ ತಾಳಿ ಮೋಟಾರು ಹಾಕುವುದು ಒಳ್ಳೆಯದೆಂದು ಗೃಹಿಣಿಯರು ನೆನಪಿಡಬೇಕು. ತೊಟ್ಟಿಗೆ ನೀರು ಬೀಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದರೆ ಕವಾಟವನ್ನೂ ಪರೀಕ್ಷಿಸಲು ಹೇಳಬೇಕು.

ಹಳ್ಳಿಗಳಲ್ಲಿ ಜನರು 'ಬೋರಿಂಗ್' ಎನ್ನುವ ಕೈಪಂಪಿನ ಆಳದಲ್ಲಿಯೂ ಇಂಥವೇ ಎರಡು ಕವಾಟಗಳಿವೆ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ 'ಇಂಡಿಯಾ ಮಾರ್ಕ್ 2' ಕೈಪಂಪಿಗೆ ಆಧಾರವಾದದ್ದು ಸೊಲ್ಲಾಪುರದ ಪಂಪು. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಈ ಸೊಲ್ಲಾಪುರ. ಕೆರೆ ಕಟ್ಟುವುದನ್ನೇ ಕಾಯಕವಾಗಿಸಿಕೊಂಡ ಶರಣರ ಊರಿನಿಂದಲೇ ಬರನಾಡಿನ ಕೈಪಂಪು ಬಂದಿತೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಎಣ್ಣೆ ಮತ್ತು ಅನಿಲದ ಬಾವಿಗಳಲ್ಲಿ ಕವಾಟದ ಧರ್ಮ ಬೇರೆ. 1974ರಲ್ಲಿ ಎಣ್ಣೆ ದೊರೆತ ಮುಂಬಯಿ ಹೈನಂತಹ ಕಡಲ ಕ್ಷೇತ್ರಗಳಲ್ಲಿ ನೆಲದೊಳಗಿನ ಅನಿಲ ತನ್ನ ಒತ್ತಡದಿಂದಲೇ ಮೇಲಕ್ಕೆ ನುಗ್ಗಬಲ್ಲದು. ಅಂತಹ ಬಾವಿಗಳಲ್ಲಿ ಕಡಲತಳಕ್ಕಿಂತಲೂ ಕೆಳಗೆ ಒಂದು ರಕ್ಷಣಾ ಕವಾಟವನ್ನು ಕೂರಿಸುತ್ತಾರೆ. ಮೇಲಿನಿಂದ ಸಣ್ಣ ನಳಿಗೆಯಲ್ಲಿ ಒತ್ತಡ ಕೊಡುತ್ತಿರುವವರೆಗೆ ಮಾತ್ರ ಅದು ತೆರೆದಿರುತ್ತದೆ. ಬೆಂಕಿಯಿಂದಲೋ ಬಿರುಗಾಳಿಯಿಂದಲೋ ಆ ನಳಿಗೆ ಕಡಿದರೆ ಸ್ಪ್ರಿಂಗು ಅದನ್ನು ತಾನಾಗಿಯೇ ಮುಚ್ಚಿಬಿಡುತ್ತದೆ. ಅಲ್ಲಿ ತಾನಾಗಿ ಏರುವುದನ್ನು ತಡೆಯುವ ಕವಾಟ. ಇಲ್ಲಿ ಕಷ್ಟಪಟ್ಟು ಏರಿಸಿದ್ದು ಇಳಿಯದಂತೆ ಹಿಡಿಯುವ ಕವಾಟ. ಎಣ್ಣೆಬಾವಿ ಕಟ್ಟಿದವರು ಮೊದಲು ಮಿತಿಯನ್ನು ಕುರಿತು ಯೋಚಿಸಿದರು. ನಮ್ಮ ಕೊಳವೆಬಾವಿಯ ಕವಾಟವಾದರೋ ಒಂದೇ ದಾರಿಯನ್ನು ಬಲ್ಲದು, ಮೇಲಿನ ದಾರಿಯನ್ನು. ಎಷ್ಟು ಸಾಕು ಎಂಬುದನ್ನು ಅದು ಹೇಳಲಾರದು.

ವಿಜಯನಗರಕ್ಕೆ ಬಂದಾಗ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ಅಲ್ಲಿಯ ಹಿರಿಯರೊಬ್ಬರು 2024ರ ಬೇಸಿಗೆಯನ್ನು ನೆನಪಿಸಿದರು. ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಸರ್ಕಾರವೇ ಆ ಮಾರ್ಚಿಯಲ್ಲಿ ತಿಳಿಸಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಗಿ, ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಏರ್ಪಾಡಾಯಿತು. ಸಂತೋಷವೇ. ಆದರೆ ಆ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಬರಬೇಕು. ಇನ್ನೊಂದು ಸಂಗತಿಯೂ ಉಂಟು. ನಮ್ಮ ಪಶ್ಚಿಮದ ಮನೆಗಳ ತಾರಸಿಯ ಮಳೆನೀರು ಕಾವೇರಿಯನ್ನು ಸೇರುವ ಸಂಗಮವು, ನಗರಕ್ಕೆ ನೀರೆತ್ತುವ ಶಿವನಸಮುದ್ರದ ನೆಲೆಗಿಂತ ಕೆಳಗಿದೆ. ಕೈಬಿಟ್ಟ ಹನಿ ಕಾವೇರಿಯನ್ನು ಸೇರಿದರೂ ಮರಳಿ ನಮ್ಮ ನಲ್ಲಿಗೆ ಬಾರದು. ಅದನ್ನು ಹಿಡಿಯುವುದಾದರೆ ಮನೆಯಂಗಳದಲ್ಲಿಯೇ ಹಿಡಿಯಬೇಕು.

ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಹೋದೆವು. 2021ರ ಆಗಸ್ಟಿನಲ್ಲಿ ಅಲ್ಲಿಯವರೆಗೆ ಬಂದ ಈ ರೈಲು ಮೈಸೂರು ರಸ್ತೆಯ ಮೇಲೆ ಸಾಗುವಾಗ ವೃಷಭಾವತಿ ಜೊತೆಜೊತೆಗೇ ಇರುತ್ತದೆ. ಹೊಳೆಯೆನ್ನಲು ನಾಲಿಗೆ ಹಿಂಜರಿಯುತ್ತದೆ. ನಗರದ ಕೊಳೆಯೆಲ್ಲ ಅದರಲ್ಲಿದೆ. ಕೆಂಗೇರಿಯ ಉಪನಗರದಲ್ಲಿ ನಮ್ಮ ಪರಿಚಯದ ಕುಟುಂಬವೊಂದು ತಮ್ಮ ಕೊಳವೆಬಾವಿಯ ಸಮೀಪದಲ್ಲಿ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿಯನ್ನು ತೋಡಿಸಿ, ಸಿಮೆಂಟಿನ ಬಳೆಗಳನ್ನು ಇಳಿಸಿದೆ. ತೋಡಿದವರು ತಲೆಮಾರುಗಳಿಂದ ಬಾವಿ ತೆಗೆಯುವುದನ್ನೇ ಕಾಯಕವಾಗಿ ಮಾಡಿಕೊಂಡು ಬಂದ ಬೋವಿ ಸಮುದಾಯದ ಕುಶಲಿಗಳು. ತಾರಸಿಯ ನೀರು ಜಲ್ಲಿ, ಮರಳುಗಳ ಸೋಸುಗವನ್ನು ದಾಟಿ ಅದರೊಳಗೆ ಇಳಿಯುತ್ತದೆ. ಮೊದಲ ಮಳೆಯ ಧೂಳುನೀರನ್ನು ಹೊರಕ್ಕೆ ಬಿಡುತ್ತಾರೆ. ಬಚ್ಚಲಿನ ನೀರಾಗಲಿ ಚರಂಡಿಯ ನೀರಾಗಲಿ ಒಂದು ತೊಟ್ಟೂ ಸೇರದಂತೆ ಎಚ್ಚರ ವಹಿಸಿದ್ದಾರೆ. ಪಾತಾಳವನ್ನು ಕೆಡಿಸಿದರೆ ತೊಳೆಯುವವರಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು ಸುಮಾರು 97,000 ಲೀಟರು. ಐದರಲ್ಲಿ ಒಂದು ಪಾಲು ಆರಿಹೋದರೂ ಎಪ್ಪತ್ತೈದು ಸಾವಿರಕ್ಕೆ ಕಡಿಮೆಯಾಗದು. 2009ರಲ್ಲಿಯೇ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, 60×40 ಅಡಿಯ ನಿವೇಶನದ ಮನೆಗಳಿಗೂ, 30×40 ಅಡಿಯ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮಾಡದವರ ಬಿಲ್ಲಿಗೆ ದಂಡವೂ ಸೇರುತ್ತದೆ. ದಂಡವನ್ನು ಕಟ್ಟಿ ಸುಮ್ಮನಿರುವ ಮನೆಗಳೂ ಉಂಟು. ಶಾಸನವು ದಂಡ ಹಾಕಬಲ್ಲದು, ನಾಚಿಕೆಯನ್ನು ಹುಟ್ಟಿಸಲಾರದು. ಅದು ಸಂಸ್ಕಾರದ ಕೆಲಸ.

ನಮ್ಮ ಮನೆಗಳಲ್ಲಿ ದಾಸೋಹವೆಂದರೆ ಅನ್ನವಿಕ್ಕುವುದೆಂಬ ಅರ್ಥವೇ ರೂಢಿಯಲ್ಲಿದೆ. ಪಡೆದುದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಮರಳಿಸುವುದು ಅದರ ತಿರುಳು. ಬಂಡೆಯ ಬಿರುಕಿನ ನೀರಿಗೆ ನಿವೇಶನದ ಎಲ್ಲೆಯಿಲ್ಲ. ನಮ್ಮ ಪಂಪು ಎಳೆದದ್ದು ನೆರೆಮನೆಯವರ ನೀರೂ ಹೌದು. ನಾವು ಇಂಗಿಸಿದ್ದು ನೆರೆಮನೆಗೂ ಸೇರೀತು. ಹಾಗಾದರೆ ಇಂಗುಬಾವಿಯೂ ಒಂದು ದಾಸೋಹವೇ. ಗೃಹಪ್ರವೇಶಕ್ಕೆ, ಲಿಂಗದೀಕ್ಷೆಗೆ, ಮದುವೆಗೆ ಧಾರಾಳವಾಗಿ ವೆಚ್ಚ ಮಾಡುವ ನಮ್ಮ ಕುಟುಂಬಗಳು ಆ ವೆಚ್ಚದ ಒಂದು ಸಣ್ಣ ಪಾಲನ್ನು ಇದಕ್ಕೆ ತೆಗೆದಿಟ್ಟರೆ ಸಾಕು.

ಸಾವಿರ ಅಡಿ ಆಳದ ಕವಾಟ ತನ್ನ ಕಾಯಕವನ್ನು ಲೋಪವಿಲ್ಲದೆ ಮಾಡುತ್ತಿದೆ. ಏರಿದ ನೀರು ಇಳಿಯದಂತೆ ನೋಡಿಕೊಳ್ಳುವುದು ಅದರ ಪಾಲಿನದು. ಮಳೆಯ ನೀರು ಇಳಿಯುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನದು. ಬರುವ ಮುಂಗಾರಿಗೆ ಮೊದಲು ಪ್ರತಿಯೊಂದು ಮನೆಯವರೂ ಒಮ್ಮೆ ತಾರಸಿಯನ್ನು ಹತ್ತಿ, ಅಲ್ಲಿಯ ನೀರು ಎಲ್ಲಿಗೆ ಹೋಗುತ್ತಿದೆಯೆಂದು ನೋಡಿಕೊಂಡು ಬರಲಿ.